ಮಗಳನ್ನು ನವಾಹೊ ಜನರ ಊರಿಗೆ ಕಳಿಸಬಹುದಾ? ಖಂಡಿತ ಕಳಿಸಿ

ಅಮೆರಿಕದ ಅರಿಜೋನಾದ ಫೀನಿಕ್ಸ್‌ನಲ್ಲಿದ್ದೀವಿ, 15 ವರ್ಷದ ಮಗಳನ್ನು ಹುಡುಗಿಯರ ನಾಯಕತ್ವ ಶಿಬಿರಕ್ಕೆ ಒಂದು ವಾರ ಅಲ್ಲಿನ ಮೂಲನಿವಾಸಿಗಳಾದ ನವಾಹೊ ಜನರ ನಾಡಿಗೆ ಕಳಿಸೋದಾ, ಅಲ್ಲಿ ಕಲಿಯೋಕೆ ಏನಿದೆ ಅಂತ ಕೇಳಿದ್ದೀರಿ. ಕಳಿಸಿ, ತುಂಬಾ ಇದೆ.

ಅವರಲ್ಲಿ ಕುಲ ಬರೋದು ತಾಯಿಯಿಂದ, ನಮ್ಮ ತುಳುನಾಡಿನಲ್ಲಿ ‘ಬಳಿ’ ಅನ್ನೋ ಕುಲ ಬರುವ ಹಾಗೆ. ಪರಿಚಯ ಹೇಳುವಾಗ ಹೆಸರಿನ ಜೊತೆ ತಾಯಿ, ತಂದೆ, ಇಬ್ಬರು ಅಜ್ಜಂದಿರು, ಹೀಗೆ ನಾಲ್ಕು ಕುಲ ಹೇಳುತ್ತಾರೆ. ಹುಡುಗಿ ಮೈನೆರೆದಾಗ ಕಿನಾಲ್ಡಾ ಅನ್ನೋ ನಾಲ್ಕು ದಿನದ ಶಾಸ್ತ್ರ ಇದೆ. ಅವಳು ನಸುಕಿನಲ್ಲಿ ಪೂರ್ವ ದಿಕ್ಕಿಗೆ ಓಡಬೇಕು, ಮೆಕ್ಕೆಜೋಳ ಬೀಸಬೇಕು, ಕೊನೆಯ ರಾತ್ರಿಯೆಲ್ಲ ನೆಲದ ಗುಂಡಿಯಲ್ಲಿ ಬೆಂದ ದೊಡ್ಡ ಜೋಳದ ಕೇಕನ್ನು ಬಂದವರಿಗೆಲ್ಲ ಹಂಚಬೇಕು, ಆದರೆ ತಾನು ತಿನ್ನೋ ಹಾಗಿಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಆ ಹೊತ್ತಿಗೆ ಹುಡುಗಿಯನ್ನು ಒಂದು ಮೂಲೆಯಲ್ಲಿ ಕೂರಿಸುತ್ತಾರೆ, ಅಲ್ಲಿ ಓಡಿಸುತ್ತಾರೆ. ನನಗೆ ನಾಯಕತ್ವದ ಪಾಠ ಅಂದ್ರೆ ಇದೇ ಅನಿಸುತ್ತದೆ. ಆದರೆ ಇದು ಮನೆಯವರ ಶಾಸ್ತ್ರ, ಅವರೇ ಕರೆದರೆ ಮಾತ್ರ ಹೋಗಬೇಕು. ಸುಮ್ನೆ ಫೋನ್ ಎತ್ತಿ ಫೋಟೋ ತೆಗೆಯೋದು ಬೇಡ, ಜನರದ್ದಾಗಲಿ ಮನೆಯದ್ದಾಗಲಿ ಮೊದಲು ಕೇಳಲಿ.

ಹೋಗುವ ಮುಂಚೆ 1864ರ ಕಥೆ ಅವಳಿಗೆ ಹೇಳಿ. ಅಮೆರಿಕದ ಸೈನ್ಯದವರು ಸಾವಿರಾರು ನವಾಹೊಗಳನ್ನು ಮನೆ ಬಿಡಿಸಿ ನ್ಯೂ ಮೆಕ್ಸಿಕೋದ ಬೋಸ್ಕ್ ರೆಡೋಂಡೋವರೆಗೆ ನಡೆಸಿಕೊಂಡು ಹೋದರು, ದಾರಿಯಲ್ಲೇ ಎಷ್ಟೋ ಜನ ಸತ್ತರು. 1868ರ ಒಪ್ಪಂದದ ಮೇಲೆ ಅವರು ತಮ್ಮ ನೆಲಕ್ಕೆ ವಾಪಸ್ ಬಂದರು. ಇದು ಗೊತ್ತಿದ್ದರೆ ಅಲ್ಲಿನ ಅಜ್ಜಿಯರ ಮಾತು ಬೇರೆ ಥರ ಕೇಳಿಸುತ್ತದೆ.

ಇಂದಿಗೂ ಅಲ್ಲಿ ಎಷ್ಟೋ ಮನೆಗಳಿಗೆ ನಲ್ಲಿ ನೀರಿಲ್ಲ, ಟ್ಯಾಂಕಿನಲ್ಲಿ ತರುತ್ತಾರೆ. ನೀರು ಮಿತವಾಗಿ ಬಳಸೋಕೆ ಹೇಳಿಕೊಡಿ. ಇನ್ನೊಂದು, ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ಫೀನಿಕ್ಸ್‌ಗಿಂತ ಒಂದು ಗಂಟೆ ಮುಂದಿರುತ್ತದೆ, ಕರೆತರಲು ಹೋಗುವ ದಿನ ನೆನಪಿರಲಿ.