ಒಂದೇ ಮಗು ಮೂರು ಲೆಕ್ಕದಲ್ಲಿ

ಮಕ್ಕಳ ಜೊತೆ ಕೆಲಸ ಮಾಡುವ ನಿಮ್ಮ ಐದು ಸಂಸ್ಥೆಗಳ ವರದಿ ಕೂಡಿಸಿದರೆ ತಾಲ್ಲೂಕಿನಲ್ಲಿರುವ ಮಕ್ಕಳಿಗಿಂತ ಜಾಸ್ತಿ ಸಂಖ್ಯೆ ಬರ್ತಿದೆ, ಏನು ಮಾಡೋದು ಅಂತ ಕೇಳಿದ್ದೀರಿ. ನಮಗೂ ಹೀಗೇ ಆಗಿತ್ತು. ಬೆಳಿಗ್ಗೆ ಗ್ರಂಥಾಲಯಕ್ಕೆ, ಸಂಜೆ ಟ್ಯೂಷನ್‌ಗೆ, ಭಾನುವಾರ ಆಟಕ್ಕೆ ಬರುತ್ತಿದ್ದ ಒಬ್ಬಳೇ ಹುಡುಗಿ ಮೂರು ರಿಜಿಸ್ಟರಿನಲ್ಲಿದ್ದಳು. ಒಂದರಲ್ಲಿ ಮಂಜುಳಾ, ಇನ್ನೊಂದರಲ್ಲಿ ಮಂಜುಳ ಎಚ್., ಮತ್ತೊಂದರಲ್ಲಿ ಮಂಜಿ! ಹೆಸರು ನಂಬಿದರೆ ಕೆಟ್ಟಿರಿ.

ಕರ್ನಾಟಕದ ಶಾಲಾ ಮಕ್ಕಳಿಗೆ ಎಸ್‌ಎಟಿಎಸ್ ನಂಬರ್ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರುವ ಬೇರೆಬೇರೆ ಗುರುತಿನ ಸಂಖ್ಯೆ) ಇರುತ್ತದಲ್ವಾ, ಐದೂ ಸಂಸ್ಥೆಯವರು ಅದನ್ನೇ ಬರೆದುಕೊಳ್ಳಿ. ಒಬ್ಬರು ಮಾತ್ರ ಪಟ್ಟಿಗಳನ್ನು ಹೋಲಿಸಿ ನೋಡಲಿ. ಮಕ್ಕಳ ಹೆಸರು, ವಿಳಾಸ ಎಲ್ಲ ಕಡೆ ಸುತ್ತಾಡುವುದು ಬೇಡ. ಪೋಷಕರ ಒಪ್ಪಿಗೆಯನ್ನೂ ಪಡೆಯಿರಿ.

ಇನ್ನು ಅಳತೆ. ಹಾಜರಾತಿ ಬರೀ ಬಂದು ಹೋದ ಲೆಕ್ಕ. ಓದು ಸುಧಾರಿಸಿತಾ ಅಂತ ತಿಳಿಯಲು ಶಿಕ್ಷಣ ಕ್ಷೇತ್ರದ ಪ್ರಥಮ್ ಸಂಸ್ಥೆ ತನ್ನ ಅಸರ್ ಸಮೀಕ್ಷೆಯಲ್ಲಿ 2005ರಿಂದ ಬಳಸುತ್ತಿರುವ ಓದಿನ ಹಾಳೆ ಸಾಕು: ಅಕ್ಷರ, ಪದ, 1ನೇ ತರಗತಿಯ ಪ್ಯಾರಾ, 2ನೇ ತರಗತಿಯ ಕಥೆ. ಒಂದೊಂದೇ ಮಗುವನ್ನು ಕೂರಿಸಿ ಓದಿಸಬೇಕು, ಕೆಲವೇ ನಿಮಿಷದ ಕೆಲಸ. ಜೂನ್‌ನಲ್ಲೊಮ್ಮೆ, ಫೆಬ್ರವರಿಯಲ್ಲೊಮ್ಮೆ ಮಾಡಿ. ಪಾಠ ಹೇಳಿದವರೇ ಪರೀಕ್ಷಿಸಬಾರದು, ಸಂಸ್ಥೆಗಳು ಅದಲುಬದಲಾಗಿ ಹೋಗಲಿ.

ಆಮೇಲೆ 'ಈ ಮಗು ಯಾರಿಂದ ಕಲಿತಿತು' ಅಂತ ಸುಮ್ನೆ ಜಗಳ ಬೇಡ. ಶಾಲೆಯ ಮೇಷ್ಟ್ರ ಪಾಲೂ ಅದರಲ್ಲಿದೆ. ತಾಲ್ಲೂಕಿಗೆ ಒಂದೇ ಸಂಖ್ಯೆ ಕೊಟ್ಟು, ಕೆಳಗೆ ಯಾರು ಏನು ಮಾಡಿದರು ಅಂತ ಬರೆಯಿರಿ.