ಒಂದು ಚಮಚ ಪುಡಿ ಕಡಿಮೆಯಾದರೆ ಕೆರೆಗೇನು ಲಾಭ?

(ವರ್ತೂರು ಕಡೆಯ ಓದುಗರೊಬ್ಬರ ಪತ್ರದ ಸಾರಾಂಶ: “ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಯ ಬಗ್ಗೆ ಬರೆದಾಗ ‘ಬಟ್ಟೆಗೆ ಪುಡಿ ಕಡಿಮೆ ಹಾಕಿ’ ಎಂದು ನೀವು ಸಲಹೆ ಕೊಟ್ಟಿದ್ದಿರಿ. ನಾನು ಹಾಕುವುದೇ ಎರಡು ಚಮಚ. ಕಾರ್ಖಾನೆಗಳನ್ನು ಬಿಟ್ಟು ಎಲ್ಲವನ್ನೂ ಹೆಂಗಸರ ತಲೆಗೆ ಕಟ್ಟುವುದೇಕೆ? ಪುಡಿ ಬಿಟ್ಟು ಅಂಟುವಾಳಕ್ಕೆ ಮರಳಿದರೆ ನೊರೆ ನಿಲ್ಲುತ್ತದೆಯೆ?”)

ನಮಸ್ಕಾರ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೂ ಕಾರ್ಖಾನೆಯ ಮಾತನ್ನು ಮೊದಲು ಮುಗಿಸಿಬಿಡೋಣ. ಬೆಳ್ಳಂದೂರಿಗೆ ವಿಷ ಸೇರಿಸಿದವರಲ್ಲಿ ಕಾರ್ಖಾನೆಗಳೂ ಇವೆ, ನಿಜ. ನೊರೆಯ ಮಟ್ಟಿಗೆ ಮಾತ್ರ ದೊಡ್ಡ ಪಾಲು ಮನೆಗಳದು. ನಗರದ ದೊಡ್ಡದೊಂದು ಭಾಗದ ಬಚ್ಚಲು, ಪಾಯಖಾನೆ, ವಾಷಿಂಗ್ ಮೆಷಿನ್ ನೀರು ರಾಜಕಾಲುವೆ ಹಿಡಿದು ಇಳಿಯುವುದು ಆ ಕಡೆಗೇ. ಅಲ್ಲಿಂದ ವರ್ತೂರು, ಮುಂದೆ ದಕ್ಷಿಣ ಪಿನಾಕಿನಿ, ಅದರಾಚೆ ತಮಿಳುನಾಡು. ಹೊಸೂರಿನ ಹತ್ತಿರದ ಕೆಲವರಪಳ್ಳಿ ಅಣೆಕಟ್ಟಿನಲ್ಲೂ ನೊರೆ ಏಳುತ್ತದೆ. ಅಲ್ಲಿನ ರೈತರು ಬೈಯುವುದು ನಮ್ಮನ್ನೇ.

ಒಂದು ಗೊಂದಲವಿದೆ. ‘ಪುಡಿಯಲ್ಲಿನ ಫಾಸ್ಫೇಟ್‌ನಿಂದ ನೊರೆ ಬರುತ್ತದೆ’ ಎಂದು ಪತ್ರಿಕೆಗಳಲ್ಲೂ ಬರುತ್ತಿರುತ್ತದೆ. ಫಾಸ್ಫೇಟ್ ಮಾಡುವ ಕೆಲಸವೇ ಬೇರೆ. ಗಡಸು ನೀರನ್ನು ಮೆದುವಾಗಿಸಲೆಂದು ಅದನ್ನು ಪುಡಿಗೆ ಸೇರಿಸುತ್ತಾರೆ. ಕೆರೆಗೆ ಹೋದ ಮೇಲೆ ಅದು ಗೊಬ್ಬರವಾಗಿ ಅಂತರಗಂಗೆಯನ್ನೂ ಪಾಚಿಯನ್ನೂ ಕೊಬ್ಬಿಸುತ್ತದೆ. ಮಲಮೂತ್ರದಲ್ಲೂ ಫಾಸ್ಫೇಟಿನ ಮೂಲವಾದ ರಂಜಕ (ಫಾಸ್ಫರಸ್) ಇರುವುದರಿಂದ ಪುಡಿಯೊಂದರಿಂದಲೇ ಕಳೆ ಬೆಳೆಯಿತು ಎನ್ನುವಂತಿಲ್ಲ. ನೊರೆ ಎಬ್ಬಿಸುವುದು ಪುಡಿಯಲ್ಲಿ ಕೊಳೆ ಬಿಡಿಸುವ ಸರ್ಫ್ಯಾಕ್ಟೆಂಟ್ ಎಂಬ ಅಂಶ. ಶಾಂಪೂ, ಪಾತ್ರೆ ತೊಳೆಯುವ ಲಿಕ್ವಿಡ್‌ಗಳಲ್ಲೂ ಅದೇ ಇದೆ.

ಇದು ಹೊಸ ಕಾಯಿಲೆಯೂ ಅಲ್ಲ. 1950ರ ದಶಕದಲ್ಲಿ ಜರ್ಮನಿ, ಇಂಗ್ಲೆಂಡ್, ಅಮೆರಿಕದ ನದಿಗಳೂ ಹೀಗೇ ನೊರೆ ಕಾರುತ್ತಿದ್ದವು. ಆಗಿನ ಡಿಟರ್ಜೆಂಟಿನ ರಾಸಾಯನಿಕವನ್ನು ಬ್ಯಾಕ್ಟೀರಿಯಾಗಳು ತಿಂದು ಅರಗಿಸಿಕೊಳ್ಳಲು ಆಗುತ್ತಿರಲಿಲ್ಲ. ಪಶ್ಚಿಮ ಜರ್ಮನಿ ಕಾನೂನು ತಂದಿತು, 1965ರ ಹೊತ್ತಿಗೆ ಅಮೆರಿಕದ ತಯಾರಕರೂ ಬ್ಯಾಕ್ಟೀರಿಯಾಗಳು ಬೇಗ ಅರಗಿಸಿಕೊಳ್ಳುವ ಬಗೆಗೆ ಬದಲಾದರು. ಆ ನದಿಗಳು ತಿಳಿಯಾದದ್ದು ಜನ ಬಟ್ಟೆ ಒಗೆಯುವುದನ್ನು ಕಡಿಮೆ ಮಾಡಿದ್ದರಿಂದಲ್ಲ ಎಂಬುದು ನಿಮ್ಮ ವಾದಕ್ಕೆ ಬಲ ಕೊಡುವ ಮಾತು.

ನಾವು ಇಂದು ಬಳಸುವ ಪುಡಿಯಲ್ಲಿರುವುದು ಆ ಸುಧಾರಿತ ಬಗೆಯೇ. ಹಾಗಿದ್ದೂ ನೊರೆ ಏಕೆ? ಬ್ಯಾಕ್ಟೀರಿಯಾಗಳು ಅದನ್ನು ಅರಗಿಸಿಕೊಳ್ಳುವುದಕ್ಕೆ ಗಾಳಿ ಬೇಕು. ಆಮ್ಲಜನಕವಿರುವ ನೀರಿನಲ್ಲಿ ಕೆಲವೇ ದಿನಗಳಲ್ಲಿ ಮುಗಿದುಹೋಗುವ ವಸ್ತು, ಕೊಳೆತು ಉಸಿರುಗಟ್ಟಿದ ಕೆರೆಯಲ್ಲಿ ಹೂಳಿಗೆ ಅಂಟಿಕೊಂಡು ಹಾಗೇ ಕೂತಿರುತ್ತದೆ. ಜೋರು ಮಳೆಗೆ ಹೂಳು ಕದಡಿ ಮೇಲೇಳುತ್ತದೆ, ಕೋಡಿಯಲ್ಲಿ ನೀರು ಧುಮುಕುವಾಗ ಗಾಳಿ ಸೇರಿ ಮೊಸರು ಕಡೆದಂತಾಗುತ್ತದೆ. ಮಳೆ ಬಂದ ಮರುದಿನವೇ ವರ್ತೂರು ಕೋಡಿಯ ರಸ್ತೆಯಲ್ಲಿ ಸ್ಕೂಟರಿನವರ ಮುಖಕ್ಕೆ ನೊರೆ ಹಾರುತ್ತಿದ್ದುದು ಇದಕ್ಕೇ. 2015ರ ಮೇನಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿಯೇ ಹತ್ತಿತು. 2018ರ ಜನವರಿಯಲ್ಲಿ ಕೆರೆಯಂಗಳದ ಬೆಂಕಿ ಆರಿಸಲು ಸೈನಿಕರು ಇಳಿಯಬೇಕಾಯಿತು.

ಸಂಸ್ಕರಿಸಿದ ನೀರಾದರೆ ಚಿಂತೆಯಿಲ್ಲ ಎನ್ನುವಂತೆಯೂ ಇಲ್ಲ. ಅದೇ 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಅಲ್ಲಿನ ಲಕ್ಷ್ಮೀಸಾಗರ ಕೆರೆ ತಲುಪಿದ ಕೆಲವೇ ವಾರಗಳಲ್ಲಿ ಅಲ್ಲೂ ನೊರೆ ಕಾಣಿಸಿತು, ವಿಷಯ ಹೈಕೋರ್ಟಿಗೆ ಹೋಯಿತು.

ಈಗ ನಿಮ್ಮ ಎರಡು ಚಮಚ. ಒಂದು ಪರೀಕ್ಷೆ ಮಾಡಿ ನೋಡಿ. ಒಗೆದು ಒಣಗಿದ ಬಟ್ಟೆಗಳನ್ನೇ ಮತ್ತೆ ಮೆಷಿನ್ನಿಗೆ ಹಾಕಿ, ಪುಡಿ ಹಾಕದೆ ಬರೀ ನೀರಲ್ಲಿ ತಿರುಗಿಸಿ. ನೊರೆ ಬಂದರೆ ಹಿಂದಿನ ಸಲದ ಪುಡಿ ಬಟ್ಟೆಯಲ್ಲೇ ಉಳಿದಿತ್ತು, ಅಂದರೆ ಜಾಸ್ತಿ ಹಾಕಿದ್ದಿರಿ. ಬೋರ್‌ವೆಲ್ ನೀರಿನವರು ನೊರೆ ಸಾಲದೆಂದು ಕೈಬಿಟ್ಟು ಸುರಿಯುತ್ತಾರೆ. ನೊರೆ ಹೆಚ್ಚಾದಷ್ಟೂ ಕೊಳೆ ಹೋಗುತ್ತದೆ ಎಂಬ ನಂಬಿಕೆಯನ್ನು ಜಾಹೀರಾತಿನವರು ನಮಗೆ ಚೆನ್ನಾಗಿಯೇ ಕಲಿಸಿದ್ದಾರೆ.

ಅಂಟುವಾಳ ರೇಷ್ಮೆ ಸೀರೆಗೆ, ಒಡವೆಗೆ ಒಳ್ಳೆಯದು. ಊರಿಗೆ ಊರೇ ಅದಕ್ಕೆ ಮರಳಿದರೆ ನೊರೆ ನಿಲ್ಲುತ್ತದೆ ಎನ್ನಲಾರೆ. ಅದರಲ್ಲಿನ ಸಪೋನಿನ್ ಕೂಡ ನೊರೆ ಕೊಡುವ ವಸ್ತುವೇ, ಮೀನಿಗೆ ವಿಷವೂ ಹೌದು. ಗಿಡದಿಂದ ಬಂದದ್ದೆಲ್ಲ ನೀರಿಗೆ ಹಿತ ಎಂದೇನಿಲ್ಲ.

ನಿಮ್ಮ ಪತ್ರದಲ್ಲಿ ಅಪಾರ್ಟ್‌ಮೆಂಟಿನ ವಿಳಾಸವಿದೆ. ಚಮಚಕ್ಕಿಂತ ದೊಡ್ಡ ಕೆಲಸ ಅಲ್ಲೇ, ಬೇಸ್‌ಮೆಂಟಿನಲ್ಲಿದೆ. ಎಸ್‌ಟಿಪಿ, ಅಂದರೆ ಕಟ್ಟಡದ ಕೊಳಚೆ ನೀರು ಸಂಸ್ಕರಿಸುವ ಘಟಕದ ಕೋಣೆಗೆ ಒಮ್ಮೆ ಇಳಿಯಿರಿ. ನೀರಿಗೆ ಗಾಳಿ ಊದುವ ಬ್ಲೋವರ್ ಗುಂಯ್‌ಗುಡುತ್ತಿರಬೇಕು. ಕರೆಂಟ್ ಬಿಲ್ ಉಳಿಸಲು ರಾತ್ರಿ ಅದನ್ನು ಆರಿಸುವ ಕಟ್ಟಡಗಳು ಬೇಕಾದಷ್ಟಿವೆ. ಬ್ಲೋವರ್ ನಿಂತರೆ ಇಡೀ ಕಟ್ಟಡದ ಸೋಪಿನ ನೀರು ಹೆಚ್ಚುಕಡಿಮೆ ಹೇಗೆ ಬಂತೋ ಹಾಗೇ ಹೊರಗೆ ಹೋಗುತ್ತದೆ. ನೀವೊಬ್ಬರೇ ವರ್ಷವಿಡೀ ಉಳಿಸಿದ ಪುಡಿ ಅದರ ಮುಂದೆ ಯಾವ ಲೆಕ್ಕಕ್ಕೂ ಬಾರದು. ಬ್ಲೋವರ್ ದಿನಕ್ಕೆಷ್ಟು ಗಂಟೆ ಓಡುತ್ತದೆ, ಸಂಸ್ಕರಿಸಿದ ನೀರು ಫ್ಲಶ್‌ಗೆ ಹೋಗುತ್ತದೋ ಮೋರಿಗೋ, ಹೂಳನ್ನು ಯಾರು ಒಯ್ಯುತ್ತಾರೆ ಎಂದು ಅಸೋಸಿಯೇಷನ್ ಸಭೆಯಲ್ಲಿ ಕೇಳಿ. ಅಂದ ಹಾಗೆ, ಆ ಸಭೆಗೆ ನಿಮ್ಮ ಯಜಮಾನರನ್ನೂ ಕರೆದುಕೊಂಡು ಹೋಗಿ, ಅವರ ಅಂಗಿಗಳೂ ಆ ಮೆಷಿನ್ನಿನಲ್ಲೇ ತಿರುಗುವುದಲ್ಲವೆ!

ಸಭೆಯಲ್ಲಿ ಬಂದ ಉತ್ತರವನ್ನು ನಮಗೆ ಬರೆದು ಕಳಿಸಿ. ಕಟ್ಟಡದ ಹೆಸರು ಹಾಕದೆ ಪ್ರಕಟಿಸುತ್ತೇವೆ.

— ಸಂ.