ಪ್ರತಿ: ಮೈನರ್‌ನಲ್ಲಿ 4,000 ಹ್ಯಾಶ್, ಪೂಲ್‌ನಲ್ಲಿ 2,500 ಯಾಕೆ?

ನಿಮ್ಮ ಮೈನರ್ (ಕ್ರಿಪ್ಟೊ ನಾಣ್ಯ ಗಳಿಸಲು ಲೆಕ್ಕ ಮಾಡುವ ಪ್ರೋಗ್ರಾಂ) ಸೆಕೆಂಡಿಗೆ 4,000 ಹ್ಯಾಶ್ (ಲೆಕ್ಕದ ಪ್ರಯತ್ನ) ತೋರಿಸಿದರೂ, ಪೂಲ್ (ಹಲವರು ಸೇರಿ ಮೈನಿಂಗ್ ಮಾಡುವ ಸೇವೆ) 2,500 ಮಾತ್ರ ತೋರಿಸುತ್ತದೆ ಅಂತ ಕೇಳಿದ್ದೀರಿ. ಇದು ಬಹುಶಃ ಪೂಲ್‌ನ ಮೋಸವಲ್ಲ. ಮೊನೆರೊ ಎಂಬ ಕ್ರಿಪ್ಟೊ ನಾಣ್ಯದ ಪೂಲ್ ನಿಮ್ಮ ಕಂಪ್ಯೂಟರನ್ನು ನೇರವಾಗಿ ಅಳೆಯುವುದಿಲ್ಲ. ನೀವು ಕಳಿಸಿದ ಶೇರ್‌ಗಳಿಂದ (ಕೆಲಸ ಮಾಡಿದ್ದಕ್ಕೆ ಪುರಾವೆಯಾದ ಉತ್ತರಗಳು) ವೇಗವನ್ನು ಅಂದಾಜು ಮಾಡುತ್ತದೆ, ಅಷ್ಟೇ. ಶೇರ್ ಸಿಗುವುದು ಅದೃಷ್ಟದ ಆಟ, ಅದು ಕೈಕೊಟ್ಟ ಗಂಟೆಯಲ್ಲಿ ಅಂಕಿ ಬೀಳುತ್ತದೆ. ಮೊದಲು ಪೂಲ್ ಪುಟದಲ್ಲಿ 24 ಗಂಟೆಯ ಸರಾಸರಿ ನೋಡಿ.

ಅದೂ ಕಡಿಮೆಯಿದ್ದರೆ, ಎಕ್ಸ್‌ಎಂರಿಗ್ (ಮೊನೆರೊ ಮೈನಿಂಗ್ ಪ್ರೋಗ್ರಾಂ) ಓಡುತ್ತಿರುವಾಗ ಕೀಬೋರ್ಡಿನಲ್ಲಿ ಎಚ್ (h) ಒತ್ತಿ. 10 ಸೆಕೆಂಡು, 60 ಸೆಕೆಂಡು, 15 ನಿಮಿಷದ ಸರಾಸರಿ ವೇಗದ ಅಂಕಿಗಳು ಬರುತ್ತವೆ. 15 ನಿಮಿಷದ್ದನ್ನೇ ನಂಬಿ. ಅದೇ 2,500ರ ಹತ್ತಿರ ಇದ್ದರೆ ಸಿಪಿಯು ಬಿಸಿಯಾಗಿ ನಿಧಾನವಾಗುತ್ತಿರಬಹುದು. ಲ್ಯಾಪ್‌ಟಾಪ್ ಆದರಂತೂ ಅನುಮಾನ ಜಾಸ್ತಿ, ನೀವು ಯಾವುದು ಅಂತ ಬರೆದಿಲ್ಲ. ತಾಪಮಾನ ನೋಡಿ, ಮೈನರ್ ಬಳಸುವ ಥ್ರೆಡ್‌ಗಳಲ್ಲಿ (ಸಿಪಿಯುನಲ್ಲಿ ಏಕಕಾಲಕ್ಕೆ ಓಡುವ ಕೆಲಸಗಳು) ಒಂದೆರಡು ಕಡಿಮೆ ಮಾಡಿ.

15 ನಿಮಿಷದ್ದು 4,000 ಇದ್ದರೆ, ಮೈನರ್‌ನ ಲಾಗ್‌ನಲ್ಲಿ (ಪರದೆಯ ದಾಖಲೆ ಸಾಲುಗಳು) ಪೂಲ್‌ನಿಂದ ರಿಜೆಕ್ಟ್ ಆದ ಶೇರ್‌ಗಳೆಷ್ಟು ನೋಡಿ. ಜಾಸ್ತಿಯಿದ್ದರೆ ಅವು ತಡವಾಗಿ ತಲುಪುತ್ತಿರಬಹುದು, ಪೂಲ್‌ನ ಹತ್ತಿರದ ಸರ್ವರ್‌ಗೆ ಬದಲಿಸಿ.